ಜಗಳೂರಿನ ಗಂಗಮ್ಮ ಡಚ್ ಕಲಿತದ್ದು

ಚನ್ನಗಿರಿಯಲ್ಲಿ ಕೂತು ಡಚ್ ಭಾಷೆ ಕಲಿಸುತ್ತಿದ್ದೆ ಅಂದರೆ ಜನ ಇವತ್ತಿಗೂ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ‘ಅದನ್ನ ಯಾರ್ರೀ ಕಲೀತಾರೆ ಇಲ್ಲಿ?’ ಅನ್ನುತ್ತಾರೆ. ಕಲಿಯುವವರಿದ್ದರು ಸ್ವಾಮಿ. ಹೊನ್ನಾಳಿ, ನ್ಯಾಮತಿ ಕಡೆ ತರಕಾರಿ ಬೀಜ ಬೆಳೆಸುವ ಕಂಪನಿಯೊಂದಿತ್ತು. ಮಾಲೀಕರು ಹಾಲೆಂಡಿನವರು. ಪರದೆ ಕಟ್ಟಿದ ಪ್ಲಾಟುಗಳಲ್ಲಿ ಟೊಮ್ಯಾಟೊ, ಮೆಣಸಿನ ಹೂವಿಗೆ ಕೈಯಲ್ಲೇ ಪರಾಗ ಮುಟ್ಟಿಸಿ ಬೀಜ ಮಾಡಿಸುತ್ತಿದ್ದರು. ಇಲ್ಲಿಯ ಹುಡುಗರನ್ನು ತರಬೇತಿಗೆ ಅಂತ ಅಲ್ಲಿಗೆ ಕಳಿಸುತ್ತಿದ್ದರು. ಹೋಗುವವರಿಗೆ ಭಾಷೆ ಕಲಿಸುವುದು, ಅಲ್ಲಿಂದ ಸಾಹೇಬರು ಬಂದಾಗ ರೈತರಿಗೂ ಅವರಿಗೂ ನಡುವೆ ನಿಂತು ಮಾತು ದಾಟಿಸುವುದು, ಇವೆರಡೂ ನನ್ನ ಕೆಲಸ. ನಾನೂ ಮೊದಲು ಕತ್ತಲಗೆರೆ ಕಡೆ ಪ್ಲಾಟು ನೋಡಿಕೊಳ್ಳುತ್ತಿದ್ದವನೇ. ಕಂಪನಿ ನನ್ನನ್ನು ಹಾಲೆಂಡಿಗೆ ಕಳಿಸಿತು. ಬೀಜದ ವಿದ್ಯೆ ಅಷ್ಟಕ್ಕಷ್ಟೇ ಹತ್ತಿತು. ಭಾಷೆ ಮಾತ್ರ ಹಿಡಿದುಕೊಂಡಿತು.

ಈಗ ಮನೆಯಲ್ಲಿದ್ದೇನೆ. ದುಭಾಷಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಫೋನು ಮಾಡಿ ಸಲಹೆ ಕೇಳುತ್ತಾರೆ. ಸಲಹೆ ಅನ್ನುವುದು ನನ್ನ ಹತ್ತಿರ ಇಲ್ಲ. ನಡೆದದ್ದನ್ನು ಹೇಳುತ್ತೇನೆ, ನಿಮಗೆ ಬೇಕಾದ್ದು ತೆಗೆದುಕೊಳ್ಳಿ.

ಹೆಂಕ್ ಅಂತ ನಮ್ಮ ದೊಡ್ಡ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಶಿಸ್ತು ಅಂದರೆ ಶಿಸ್ತು. ದುಭಾಷಿಯಾದವನು ‘ಅವರು ಹೀಗೆ ಹೇಳುತ್ತಿದ್ದಾರೆ’ ಅನ್ನಬಾರದು, ಅವರ ಬಾಯಾಗಬೇಕು, ‘ನಾನು’ ಅಂತಲೇ ಹೇಳಬೇಕು ಅಂತ ಅವರ ಕಾನೂನು. ಅವರ ದೇಶದಲ್ಲಿ ಹಾಗೇ ಕಲಿಸುತ್ತಾರಂತೆ. ಸರಿ, ಹೇಳಿದ ಹಾಗೆ ಕೇಳೋಣ ಅಂತ ನಾನೂ ಹೊರಟೆ. ನ್ಯಾಮತಿ ಹತ್ತಿರ ಒಂದು ಪ್ಲಾಟಿಗೆ ಹೋಗಿದ್ದೆವು. ಪ್ಲಾಟಿನ ಯಜಮಾನಿ ರೊಟ್ಟಿ, ಮೆಣಸಿನ ಚಟ್ನಿ ಹಾಕಿದ್ದಳು. ಸಾಹೇಬರು ತಟ್ಟೆ ಸರಿಸಿ, ಬೆಳಗಿನಿಂದ ನನಗೆ ಹೊಟ್ಟೆ ಸರಿಯಿಲ್ಲ ಅಂದರು. ನಾನು ಕಾನೂನಿನ ಪ್ರಕಾರ, ‘ಬೆಳಗಿಂದ ನನಗೆ ಹೊಟ್ಟೆ ಸರಿ ಇಲ್ಲಮ್ಮ’ ಅಂದೆ. ಆ ತಾಯಿ ಲಗುಬಗೆಯಿಂದ ಒಳಗೆ ಹೋಗಿ ಓಮದ ಕಷಾಯ ಕಾಯಿಸಿ ತಂದು ನನ್ನ ಕೈಗೆ ಕೊಟ್ಟಳು. ಕುಡಿಯುವ ತನಕ ಬಿಡಲಿಲ್ಲ. ಅತ್ತ ಸಾಹೇಬರು ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು.

ಅವತ್ತಿನಿಂದ ನಾನು ನಮ್ಮ ದಾರಿಗೆ ವಾಪಸು ಬಂದೆ. ‘ಸಾಹೇಬ್ರಿಗೆ ಹೊಟ್ಟೆನೋವಂತೆ’, ‘ಯಾವಾಗ ಕಟಾವು ಮಾಡ್ತೀರಿ ಅಂತ ಕೇಳ್ತಾ ಇದಾರೆ’. ಈ ‘ಅಂತ’, ‘ಅಂತೆ’ ಇಲ್ಲದೆ ನಮ್ಮ ಕಡೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸಲು ಆಗುವುದಿಲ್ಲ. ಸಾಹೇಬರಿಗೆ ನಾನು ಕಾನೂನು ಮುರಿದದ್ದು ಗೊತ್ತಾಗಲೂ ಇಲ್ಲ. ಅವರಿಗೆ ಕನ್ನಡ ಎಲ್ಲಿ ಬರಬೇಕು?

ಪಾಠದ ವಿಷಯಕ್ಕೆ ಬರುತ್ತೇನೆ. ಚನ್ನಗಿರಿಯ ಮಂಡಿಪೇಟೆಯಲ್ಲಿ ಒಂದು ಅಂಗಡಿಯ ಮೇಲೆ ನನ್ನ ಕ್ಲಾಸು. ಮರದ ಮೆಟ್ಟಿಲು, ಹಲಗೆ ಬಾಗಿಲು, ಒಂದು ಬೋರ್ಡು. ಡಚ್ಚಿನಲ್ಲಿ ನೇರವಾಗಿ ಪ್ರಶ್ನೆ ಕೇಳುವಾಗ ಕ್ರಿಯಾಪದ ಮುಂದೆ ಬರುತ್ತದೆ. ‘ವಾರ್ ವೋಂಟ್ ಹೈ’, ಅಂದರೆ ಎಲ್ಲಿ ವಾಸಿಸುತ್ತಾನೆ ಅವನು. ಅದೇ ಪ್ರಶ್ನೆಯನ್ನು ಇನ್ನೊಂದು ಮಾತಿನ ಒಳಗೆ ಇಟ್ಟರೆ, ಅಂದರೆ ಅವನು ಎಲ್ಲಿ ವಾಸಿಸುತ್ತಾನೆ ಅಂತ ನನಗೆ ಗೊತ್ತಿಲ್ಲ ಅನ್ನಬೇಕಾದರೆ, ಆ ಕ್ರಿಯಾಪದ ಎದ್ದು ಕೊನೆಗೆ ಹೋಗಿ ಕೂರುತ್ತದೆ. ‘ಇಕ್ ವೇಟ್ ನೀಟ್ ವಾರ್ ಹೈ ವೋಂಟ್.’ ಹೌದು, ಅಲ್ಲ ಅನ್ನುವ ಜಾತಿಯ ಪ್ರಶ್ನೆಯಾದರೆ ನಡುವೆ ‘ಒಫ್’ ಅಂತ ಒಂದು ಸಣ್ಣ ಪದ ಸೇರುತ್ತದೆ. ನಾವು ‘ಬಂದನೋ ಇಲ್ಲವೋ’ ಅನ್ನುವಾಗ ಬರುವ ಓಕಾರ ಇದೆಯಲ್ಲ, ಅದರ ಕೆಲಸವೇ ಇದಕ್ಕೂ. ಇಷ್ಟೇ ಪಾಠ. ಆದರೆ ಇಷ್ಟಕ್ಕೇ ಹುಡುಗರು ಸುಸ್ತಾಗುತ್ತಿದ್ದರು. ಕನ್ನಡದಲ್ಲಿ ಯೋಚಿಸಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಲ್ಲಿಂದ ಡಚ್ಚಿಗೆ ಹೋಗುತ್ತಿದ್ದರು. ದಾವಣಗೆರೆಗೆ ಹೋಗಲು ಶಿವಮೊಗ್ಗದ ಬಸ್ಸು ಹತ್ತಿದ ಹಾಗೆ. ‘ಲೋ, ಇಂಗ್ಲಿಷ್ ಬಿಡ್ರೋ, ನಿಮ್ಮ ಅವ್ವನ ಹತ್ರ ಮಾತಾಡಿದಂಗೆ ಮಾತಾಡಿ, ಕ್ರಿಯಾಪದ ತಾನಾಗೇ ಕೊನೆಗೆ ಹೋಗತ್ತೆ’ ಅನ್ನುತ್ತಿದ್ದೆ.

ಹೊನ್ನಾಳಿಯ ನಾಗರಾಜ ಅಂತ ಒಬ್ಬ. ಹೊರಟು ನಿಂತವನನ್ನು ‘ಎಲ್ಲಿಗೆ ಹೋಗ್ತಿದೀಯ’ ಅಂತ ಕೇಳುವ ಅಭ್ಯಾಸ ಮಾಡಿಸುತ್ತಿದ್ದೆ. ಅವನು ಬಾಯಿ ಬಿಡಲಿಲ್ಲ. ಯಾಕಪ್ಪಾ ಅಂದರೆ, ‘ಹೊಂಟೋರನ್ನ ಎಲ್ಲಿಗೆ ಅಂತ ಕೇಳಬಾರದು ಸಾರ್, ಹೋದ ಕೆಲಸ ಆಗಲ್ಲ. ದೂರ ಹೊಂಟ್ರಾ ಅನ್ನಬೇಕು’ ಅಂದ. ಸುತ್ತಿಬಳಸಿ ಕೇಳುವ ರೂಪ ಹೇಳಿಕೊಟ್ಟ ಮೇಲೆ ಅವನ ಮುಖ ಅರಳಿತು. ‘ಇದು ಪರವಾಗಿಲ್ಲ ನೋಡ್ರಿ. ನಾನೇನು ಕೇಳ್ತಾ ಇಲ್ಲ, ತಿಳ್ಕಳಾಕೆ ಆಸೆ ಐತೆ ಅಂತ ಹೇಳ್ತಾ ಇದೀನಿ ಅಷ್ಟೆ’ ಅಂದ. ವ್ಯಾಕರಣದ ಯಾವ ಪುಸ್ತಕವೂ ಅದನ್ನು ಅಷ್ಟು ಚೆನ್ನಾಗಿ ಹೇಳಿದ್ದು ನಾನು ನೋಡಿಲ್ಲ. ಆ ಹುಡುಗರ ಗಲಾಟೆ, ಕೆಳಗಿನ ಅಂಗಡಿಯವನು ‘ಮೇಷ್ಟ್ರೇ, ಸ್ವಲ್ಪ ಮೆತ್ತಗೆ’ ಅಂತ ಕೂಗುತ್ತಿದ್ದದ್ದು, ಎಲ್ಲ ಈಗ ಬೇಕು ಅನ್ನಿಸುತ್ತದೆ. ಯಾರಾದರೂ ತಪ್ಪು ಡಚ್ ಮಾತಾಡಿದರೂ ಸಾಕು ಅನ್ನುವ ಹಾಗಾಗಿದೆ ನನಗೆ.

ಗಂಗಮ್ಮ ಬಂದದ್ದು ನನ್ನ ನೌಕರಿಯ ಕೊನೆಗಾಲದಲ್ಲಿ. ಅವಳಿಗೂ ಬೀಜದ ಕಂಪನಿಗೂ ಏನೇನೂ ಸಂಬಂಧ ಇರಲಿಲ್ಲ. ಜಗಳೂರಿನ ಹತ್ತಿರದ ಹಳ್ಳಿಯವಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಕ್ಷರ ಬರುತ್ತಿರಲಿಲ್ಲ. ಹಾಲೆಂಡಿನಿಂದ ಅನೆಕೆ ಅನ್ನುವ ಹೆಂಗಸೊಬ್ಬಳು ತನ್ನ ಹೆತ್ತ ತಾಯಿಯನ್ನು ಹುಡುಕಿಸುತ್ತಾ ಹುಡುಕಿಸುತ್ತಾ ಗಂಗಮ್ಮನ ತನಕ ಬಂದು ಮುಟ್ಟಿದ್ದಳು. ರಕ್ತಪರೀಕ್ಷೆಯಲ್ಲಿ ತಾಯಿ ಮಗಳು ಹೌದು ಅಂತ ಆಗಿತ್ತು. ಇಬ್ಬರನ್ನೂ ಎದುರು ಕೂರಿಸುವ ದಿನ ಡಚ್ಚೂ ಕನ್ನಡವೂ ಬರುವವರು ಬೇಕು ಅಂತ ಯಾರೋ ನನ್ನ ಹೆಸರು ಹೇಳಿದ್ದರು.

ದಾವಣಗೆರೆಯ ಒಂದು ಹೋಟೆಲಿನಲ್ಲಿ ಭೇಟಿ. ಅನೆಕೆ ನೋಡಲು ಥೇಟ್ ಗಂಗಮ್ಮನೇ, ಅದೇ ಹಣೆ, ಅದೇ ಗಲ್ಲ. ಆದರೆ ಬಾಯಿ ಬಿಟ್ಟರೆ ಹಾಲೆಂಡು. ಅವಳು ಮೊದಲು ಕೇಳಿದ್ದು, ನನ್ನನ್ನು ಯಾಕೆ ಬಿಟ್ಟು ಹೋದೆ ಅಂತ. ನೇರ ಪ್ರಶ್ನೆ, ಕ್ರಿಯಾಪದ ಮುಂದೆ. ನಾನು ಅದನ್ನು ಎಷ್ಟು ಮೆತ್ತಗೆ ಮಾಡಲು ಸಾಧ್ಯವೋ ಅಷ್ಟು ಮೆತ್ತಗೆ ಮಾಡಿ, ‘ಆಗ ಏನಾಗಿತ್ತು ಅಂತ ತಿಳ್ಕೋಬೇಕಂತೆ ಕಣಮ್ಮ’ ಅಂದೆ.

ಗಂಗಮ್ಮ ಹೇಳಿದಳು. ಗಂಡ ತೀರಿಹೋಗಿದ್ದ. ಇವಳಿಗೆ ಕ್ಷಯ. ಕೂಸಿಗೂ ಅಂಟುತ್ತದೆ, ಸ್ವಲ್ಪ ದಿನ ದೂರ ಇಡು ಅಂತ ಆಸ್ಪತ್ರೆಯಲ್ಲಿ ಅಂದರು. ಯಾವುದೋ ಊರಿನ ಮಕ್ಕಳ ಆಶ್ರಮದಲ್ಲಿ ಇಟ್ಟು, ವಾಸಿ ಮಾಡಿಕೊಳ್ಳಲು ಆಸ್ಪತ್ರೆ ಸೇರಿದಳು. ವಾಸಿಯಾಗಿ ಬಂದಾಗ ಕೂಸು ಅಲ್ಲಿರಲಿಲ್ಲ. ಹೊರದೇಶಕ್ಕೆ ದತ್ತು ಹೋಗಿದೆ, ಸುಖವಾಗಿರುತ್ತದೆ, ಹೋಗು ಅಂದರು. ‘ನಾನು ಕೊಟ್ಟಿಲ್ಲ ರೀ. ಇಟ್ಟು ಬಂದಿದ್ದೆ. ಅದನ್ನ ಸರಿಯಾಗಿ ಹೇಳ್ರಿ ಆಕಿಗೆ, ಕೊಟ್ಟಿಲ್ಲ ಅಂತ’ ಅಂದಳು. ನಾನು ಹೇಳಿದೆ. ಅನೆಕೆ ಅತ್ತಳು, ಗಂಗಮ್ಮನ ಕೈ ಹಿಡಿದುಕೊಂಡಳು. ರಜೆ ಮುಗಿದು ಊರಿಗೆ ಹೋದಳು.

ಆಮೇಲೆ ಭಾನುವಾರ ಭಾನುವಾರ ವಿಡಿಯೊ ಕಾಲ್ ಶುರುವಾಯಿತು. ಜಗಳೂರಿನಲ್ಲಿ ಗಂಗಮ್ಮ, ಹಾಲೆಂಡಿನಲ್ಲಿ ಮಗಳು, ಚನ್ನಗಿರಿಯಲ್ಲಿ ನಡುವೆ ನಾನು. ಊಟ ಆಯಿತಾ ಅಂತ ಇವಳು, ಅಲ್ಲಿ ಮಳೆ ಇದೆಯಾ ಅಂತ ಅವಳು. ಫೋನಿನೊಳಗೇ ತರ್ಜುಮೆ ಮಾಡುವ ಆ್ಯಪ್ ಬಂದಿತ್ತಲ್ಲ, ಅನೆಕೆ ಒಂದು ಸಲ ಅದನ್ನೂ ನೋಡಿದಳು. ಅದು ಗಂಗಮ್ಮನ ಮಾತಿಗೆ ಏನೇನೋ ಅರ್ಥ ಕೊಟ್ಟು ಅನೆಕೆಯನ್ನು ಗಾಬರಿ ಮಾಡಿಬಿಟ್ಟಿತು. ಗಂಗಮ್ಮ ‘ಫೋನಿನೊಳಗಿನ ಆ ಹೆಂಗಸಿನ ದನಿ ಬ್ಯಾಡ’ ಅಂದಳು. ಮತ್ತೆ ನಾನೇ ಬಂದೆ. ಒಳಗೊಳಗೆ ನನಗೆ ಖುಷಿ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಭಾನುವಾರ ಫೋನಿನ ಬದಲು ಗಂಗಮ್ಮನೇ ಬಂದಳು. ಜಗಳೂರಿನಿಂದ ದಾವಣಗೆರೆಗೊಂದು ಬಸ್ಸು, ಅಲ್ಲಿಂದ ಚನ್ನಗಿರಿಗೊಂದು. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕೂತಳು.

‘ಮೇಷ್ಟ್ರೇ, ನಂಗೆ ಆ ಭಾಷೆ ಕಲಿಸ್ರಿ.’

‘ಯಾಕಮ್ಮ, ನಾನಿದೀನಲ್ಲ?’

‘ಅದೇ ತೊಂದ್ರೆ. ತಪ್ಪು ತಿಳ್ಕಾಬ್ಯಾಡ್ರಿ. ಅವತ್ತು ಹೋಟ್ಲಾಗೆ ಆಕಿ ಮಾತಾಡಿದ್ದೆಲ್ಲ ನಿಮ್ಮ ಮುಖ ನೋಡ್ಕಂಡು. ನಾನೂ ನಿಮ್ಮ ಮುಖಾನೇ ನೋಡ್ತಿದ್ದೆ. ಈಗ್ಲೂ ಅಷ್ಟೆ. ಒಂದು ಮಾತು ಕೇಳೋದೈತೆ ಆಕೀನ. ನಡುವೆ ಯಾರೂ ಇರಬಾರದು.’

ನನಗೆ ಪಿಚ್ಚೆನ್ನಿಸಿತು. ಇಷ್ಟು ವರ್ಷ ಇಬ್ಬರ ನಡುವೆ ನಿಂತು ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದವನಿಗೆ, ನಿಂತ ಜಾಗವೇ ಅಡ್ಡ ಅಂತ ಯಾರೂ ಹೇಳಿರಲಿಲ್ಲ. ಏನು ಕೇಳಬೇಕು ಹೇಳು, ಅದೊಂದೇ ವಾಕ್ಯ ಬಾಯಿಪಾಠ ಮಾಡಿಸುತ್ತೇನೆ ಅಂದೆ. ಅದನ್ನು ಹೇಳಲು ಅವಳು ಒಪ್ಪಲಿಲ್ಲ. ನಿಮಗೆ ಹೇಳಿದರೆ ಮೊದಲು ಕೇಳಿಸಿಕೊಂಡವರು ನೀವೇ ಆಗುತ್ತೀರಿ ಅಂದಳು. ‘ಹೆಂಗೆ ಕೇಳೋದು ಅನ್ನೋದು ಕಲಿಸ್ರಿ. ಏನು ಕೇಳೋದು ಅಂತ ನಾನು ನೋಡ್ಕಂತೀನಿ.’

ಹಾಗೆ ಗಂಗಮ್ಮ ನನ್ನ ಶಿಷ್ಯೆಯಾದಳು. ನೇರವಾಗಿ ಕೇಳುವ ರೂಪ ಅವಳಿಗೆ ಬೇಡವಾಗಿತ್ತು. ಪೊಲೀಸರು ಕೇಳಿದ ಹಾಗೆ ಇದೆ ಅಂದಳು. ಸುತ್ತಿನ ರೂಪವನ್ನೇ ಹಿಡಿದೆವು. ‘ಇಕ್ ವಿಲ್ ವೇತನ್ ಒಫ್’, ಅಂದರೆ ನನಗೆ ತಿಳಿಯಬೇಕು, ಹೌದೋ ಅಲ್ಲವೋ ಅಂತ. ಅದಾದ ಮೇಲೆ ಬೇಕಾದ್ದು ಸೇರಿಸಿಕೊಳ್ಳುವುದು, ಕ್ರಿಯಾಪದ ಕೊನೆಗೆ ಇಡುವುದು. ಬರೆದು ತೋರಿಸುವಂತಿರಲಿಲ್ಲ. ನಾನು ಅನ್ನುವುದು, ಅವಳು ಅನ್ನುವುದು. ಡಚ್ಚಿನ ಗಂಟಲ ‘ಖ’ ಅವಳಿಗೆ ಕೊನೆತನಕ ಬರಲಿಲ್ಲ. ಹೋದ ವಾರ ಕಲಿತದ್ದು ಈ ವಾರ ಮರೆತುಹೋಗುತ್ತಿತ್ತು. ‘ಸಾಂಬಾರಿಗೆ ಉಪ್ಪು ಹಾಕೋ ಹೊತ್ನಾಗೆ ಹೇಳ್ಕಂತಿರ್ತೀನಿ, ಮಕ್ಕಳು ನಗ್ತವೆ’ ಅನ್ನುತ್ತಿದ್ದಳು. ತಿಂಗಳುಗಟ್ಟಲೆ ನಡೆಯಿತು. ನಾಗರಾಜ ಮತ್ತು ಅವನ ಜೊತೆಯವರು ಹಾಲೆಂಡಿಗೆ ಹೋಗಿ ತಿರುಗಿ ಬಂದರೂ ಗಂಗಮ್ಮ ಅದೇ ಬೆಂಚಿನ ಮೇಲಿದ್ದಳು.

ನಡುನಡುವೆ ಬಿಡಿ ಪದ ಕೇಳುತ್ತಿದ್ದಳು. ಒಳ್ಳೆಯದು ಅನ್ನಲು ಏನು, ಅವಳು ಅನ್ನಲು ಏನು, ಹೊಡೆಯುವುದಕ್ಕೆ ಏನು, ಚಳಿಗೆ ಏನು. ನಾನು ಆ ಪದಗಳನ್ನು ಕೂಡಿಸಿ ಕೂಡಿಸಿ ನೋಡುತ್ತಿದ್ದೆ. ನನ್ನ ಮೇಲೆ ಸಿಟ್ಟಿದೆಯಾ ಅಂತ ಕೇಳುತ್ತಾಳೆ, ಕ್ಷಮಿಸುತ್ತೀಯಾ ಅಂತ ಕೇಳುತ್ತಾಳೆ ಅಂತ ನನ್ನ ಲೆಕ್ಕಾಚಾರ. ಆದರೆ ಕ್ಷಮೆಗೆ ಏನು ಅನ್ನುತ್ತಾರೆ ಅಂತ ಅವಳು ಒಂದು ದಿನವೂ ಕೇಳಲಿಲ್ಲ.

ಕೊನೆಗೊಂದು ದಿನ, ಇವತ್ತು ಮಾತಾಡುತ್ತೇನೆ ಅಂದಳು. ಕ್ಲಾಸಿನಲ್ಲೇ ಕೂರಿಸಿದೆ, ಅಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು. ನಾನು ಕೆಳಗೆ ಹೋಗಿ ಟೀ ಕುಡಿಯುತ್ತೇನೆ ಅಂದರೆ ಬಿಡಲಿಲ್ಲ. ಕಾಲ್ ಕಟ್ಟಾದರೆ ಮತ್ತೆ ಹಚ್ಚಿಕೊಡಲು ಬೇಕಲ್ಲ ಅಂತ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂರಿಸಿದಳು. ಹಲಗೆ ಬಾಗಿಲು. ಕೇಳಿಸುತ್ತದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಮಗಳು ಹಲೋ ಅಂದಳು. ಇವಳು ‘ರತ್ನಿ’ ಅಂದಳು. ಕೂಸಿಗೆ ಇಟ್ಟಿದ್ದ ಹೆಸರು ಅದು. ಆಮೇಲೆ, ಒಂದೊಂದೇ ಪದ ಇಳಿಸಿ ಇಡುತ್ತಾ, ಗಂಗಮ್ಮ ಕೇಳಿದಳು.

‘ಇಕ್ ವಿಲ್ ವೇತನ್ ಒಫ್ ಝೈ ಗೂಟ್ ಫೋರ್ ಯೆ ವಾಸ್.’

ಅವಳು ನಿನ್ನನ್ನು ಚೆನ್ನಾಗಿ ನೋಡಿಕೊಂಡಳೋ ಅಂತ ನನಗೆ ತಿಳಿಯಬೇಕು.

ಅವಳು ಅಂದರೆ ಆ ದೇಶದ ತಾಯಿ, ಸಾಕಿದವಳು. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದದ್ದು ಅದು. ತನ್ನ ಬಗ್ಗೆ ಒಂದಕ್ಷರವೂ ಇಲ್ಲ. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಕೆಳಗಿನ ಅಂಗಡಿಯವನು ತಲೆಯೆತ್ತಿ ನೋಡಿ, ಮತ್ತೆ ತನ್ನ ವ್ಯಾಪಾರಕ್ಕೆ ತಿರುಗಿದ.

ಒಳಗೆ ಅನೆಕೆ ಮಾತಾಡತೊಡಗಿದಳು. ನಿಲ್ಲಿಸಲೇ ಇಲ್ಲ. ಹೂಂ, ಒಳ್ಳೆಯವಳಾಗಿದ್ದಳು, ಚಳಿಗಾಲದಲ್ಲಿ ಶಾಲೆಯಿಂದ ಬಂದರೆ ನನ್ನ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದಳು, ನಿನಗೆ ಇನ್ನೊಬ್ಬ ಅಮ್ಮ ಇದ್ದಾಳೆ ಅಂತ ಹೇಳಿಯೇ ಬೆಳೆಸಿದಳು, ಹೋದ ವರ್ಷ ತೀರಿಕೊಂಡಳು. ಅಳುತ್ತಾ ನಗುತ್ತಾ ಹೇಳುತ್ತಿದ್ದಳು. ನನಗೆ ಆಗ ಹೊಳೆಯಿತು. ತಿಂಗಳುಗಟ್ಟಲೆ ಗಂಗಮ್ಮನಿಗೆ ಪ್ರಶ್ನೆ ಕೇಳಲು ಕಲಿಸಿದ್ದೆ. ಉತ್ತರ ಬಂದರೆ ತಿಳಿದುಕೊಳ್ಳುವುದನ್ನು ಕಲಿಸಿರಲಿಲ್ಲ. ಅಷ್ಟು ಮಾತಿನಲ್ಲಿ ಅವಳಿಗೆ ನಾಲ್ಕು ಪದ ಸಿಕ್ಕಿದ್ದರೆ ಹೆಚ್ಚು. ಎದ್ದು ಒಳಗೆ ಹೋಗಿ ನಾನು ಹೇಳುತ್ತೇನೆ ಅನ್ನಬೇಕು ಅಂತ ಕಾಲು ಎಳೆಯುತ್ತಿತ್ತು. ಬಾಗಿಲ ಮೇಲೆ ಕೈಯಿಟ್ಟು ಹಾಗೇ ನಿಂತೆ. ಕೊನೆಗೆ ಅನೆಕೆ ದನಿ ಇಳಿಸಿ, ತಾನೂ ಒಂದು ಪ್ರಶ್ನೆ ಕೇಳಿದಳು. ಒಳಗೆ ಗಂಗಮ್ಮ ‘ಯಾ’ ಅಂದದ್ದು ಕೇಳಿಸಿತು. ಯಾ ಅಂದರೆ ಹೂಂ ಅಂತ.

ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತಳು.

‘ಆಕಿ ಒಳ್ಳೇಕಿ ಆಗಿದ್ಲು ಮೇಷ್ಟ್ರೇ. ಅಷ್ಟು ತಿಳೀತು ನಂಗೆ. ಮಗಳ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ನೀವೇನೂ ಹೇಳಬ್ಯಾಡ್ರಿ.’

‘ಹೇಳಲ್ಲಮ್ಮ. ಆದ್ರೆ ಕೊನೆಗೆ ಅವಳು ನಿನ್ನನ್ನ ಒಂದು ಪ್ರಶ್ನೆ ಕೇಳಿದಾಳೆ.’

‘ಹೂಂ, ಕೇಳಿದ್ಲು. ಕೇಳಿ ಕಣ್ಣು ಪಿಳಿಪಿಳಿ ಬಿಟ್ಕಂಡು ಕಾಯ್ತಾ ಇದ್ಲು. ಯಾ ಅಂದೆ.’

‘ಏನು ಕೇಳಿದ್ಲು ಅಂತ ತಿಳೀತಾ?’

‘ಇಲ್ಲ.’

‘ತಿಳೀದೇ ಹೂಂ ಅಂದ್ಯಾ?’

ಗಂಗಮ್ಮ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. ಇಷ್ಟು ಓದಿಕೊಂಡವನಿಗೆ ಇದೂ ತಿಳಿಯುವುದಿಲ್ಲವಾ ಅನ್ನುವ ಕರುಣೆ ಅದರಲ್ಲಿತ್ತು. ‘ಅದು ಏನಾದ್ರೂ ಕೇಳ್ಲಿ ಮೇಷ್ಟ್ರೇ. ಆಕಿ ಕೇಳಿದ್ಮೇಲೆ ಇಲ್ಲ ಅಂತೀನಾ ನಾನು?’

ಆಮೇಲೆ ಅವಳೇ, ‘ಹೋಗ್ಲಿ, ಯಾವುದಕ್ಕೆ ಹೂಂ ಅಂದೆ ಅನ್ನೋದಷ್ಟು ಹೇಳಿಬಿಡ್ರಿ’ ಅಂದಳು.

‘ನಿನ್ನ ಮನೆಗೆ ಬಂದು ಇರಬಹುದೋ ಅಂತ ಕೇಳಿದಳಮ್ಮ. ಹೋಟೆಲಿನಲ್ಲಿ ಅಲ್ಲ. ಜಗಳೂರಿನಲ್ಲಿ, ನಿನ್ನ ಜೊತೆ. ಕೆಲಸಕ್ಕೆ ರಜೆ ಹಾಕಿ ಬರ್ತಾಳಂತೆ.’

ಅವಳು ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಆಮೇಲೆ, ‘ಮಂಚ ಇಲ್ಲ ನಮ್ಮನ್ಯಾಗೆ. ನೆಲದ ಮ್ಯಾಲೆ ಮಲಗ್ತಾಳೋ ಇಲ್ಲೋ ಅಂತ ಕೇಳಾಕೆ ಹೆಂಗೆ ಅನ್ಬೇಕು?’ ಅಂದಳು. ಹೇಳಿಕೊಟ್ಟೆ. ಒಂದು ಸಲಕ್ಕೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ, ದಾರಿಯುದ್ದಕ್ಕೂ ಅದನ್ನೇ ಅನ್ನಿಸಿದೆ.

ಅದಾದ ಮೇಲೆ ನನಗೆ ನಿವೃತ್ತಿಯಾಯಿತು. ಕಂಪನಿಯವರು ಹಾರ ಹಾಕಿದರು. ಹೆಂಕ್ ಸಾಹೇಬರು ಅಲ್ಲಿಂದಲೇ ಪರದೆಯ ಮೇಲೆ ಬಂದು ಹೊಗಳಿದರು. ಅದನ್ನು ಕನ್ನಡಕ್ಕೆ ತರ್ಜುಮೆ ಮಾಡುವ ಕೆಲಸವೂ ನನಗೇ ಬಿತ್ತು, ಅರ್ಧಕ್ಕೇ ನಿಲ್ಲಿಸಿದೆ. ಹುಡುಗರು ಈಗ ಫೋನಿನಲ್ಲೇ ಕಲಿಯುತ್ತಾರೆ. ಮಂಡಿಪೇಟೆಯ ಆ ಕೋಣೆಯಲ್ಲಿ ಯಾರೋ ಮೊಬೈಲ್ ರಿಪೇರಿಯವರಿದ್ದಾರೆ.

ಅನೆಕೆ ಬಂದು ಜಗಳೂರಿನಲ್ಲಿ ಇದ್ದಾಳೆ ಅಂತ ಹೋದ ವಾರ ಆ ಕಡೆ ಹೋಗಿ ಬಂದ ನಾಗರಾಜ ಹೇಳಿದ. ಗಂಗಮ್ಮ ನನಗೆ ಹೇಳಿ ಕಳಿಸಿಲ್ಲ, ಫೋನೂ ಮಾಡಿಲ್ಲ. ಅಲ್ಲಿ ತಾಯಿ ಮಗಳು ಹೆಂಗೆ ಮಾತಾಡಿಕೊಳ್ಳುತ್ತಿದ್ದಾರೋ, ಯಾವ ಪದ ಸಿಗದೆ ಒದ್ದಾಡುತ್ತಿದ್ದಾರೋ, ಕೈಸನ್ನೆ ಮಾಡಿ ನಗುತ್ತಿದ್ದಾರೋ. ಬೆಳಿಗ್ಗೆ ಎದ್ದರೆ ಮೊದಲು ಫೋನು ನೋಡುತ್ತೇನೆ. ಒಂದು ಸಲ ಕರೆಯಲಿ, ಮೇಷ್ಟ್ರೇ ಇದಕ್ಕೇನಂತಾರೆ ಅಂತ ಕೇಳಲಿ ಅಂತ ಜೀವ ಬಡಿದುಕೊಳ್ಳುತ್ತದೆ. ಕರೆಯದೇ ಇದ್ದರೆ ನನ್ನ ಪಾಠ ಸಾರ್ಥಕ ಅಂತಲೂ ಗೊತ್ತು. ಇವತ್ತೂ ಕರೆದಿಲ್ಲ.